ಸಹಪಾಠಿಗಳ ಅಂಗೀಕಾರವೂ ಮಗುವಿನ ಭಾವನಾತ್ಮಕ ಸ್ವಾಸ್ಥ್ಯವೂ: ಕುನ್ನತ್ತೂರು ಭಾಗದ ತರಗತಿಗಳನ್ನು ಕುರಿತು

ಆರನೆಯ ವಯಸ್ಸಿನಿಂದ ಹದಿನಾಲ್ಕನೆಯ ವಯಸ್ಸಿನವರೆಗೆ ಮಗುವಿನ ಹಗಲಿನ ಹೆಚ್ಚಿನ ಭಾಗವು ಸಮವಯಸ್ಕರ ನಡುವೆಯೇ ಕಳೆಯುತ್ತದೆ. ಪಾಠವನ್ನು ಕಲಿಸುವವರು ಶಿಕ್ಷಕರಾದರೂ, ತಾನು ಬೇಕಾದವನೋ ಬೇಡವಾದವನೋ ಎಂಬುದನ್ನು ಮಗುವಿಗೆ ದಿನನಿತ್ಯ ತಿಳಿಸುವವರು ಪಕ್ಕದಲ್ಲಿ ಕುಳಿತವರು. ಆಟಕ್ಕೆ ಕರೆಯುವುದು, ಊಟದ ಸಾಲಿನಲ್ಲಿ ಜಾಗ ಕೊಡುವುದು, ಪೆನ್ಸಿಲ್ ಎರವಲು ಕೊಡುವುದು ಮುಂತಾದ ಸಣ್ಣ ಸಂಗತಿಗಳ ಮೂಲಕವೇ ಈ ತೀರ್ಪು ಪ್ರಕಟವಾಗುತ್ತದೆ. ಈ ಲೇಖನದಲ್ಲಿ ಅಂಥ ತೀರ್ಪು ಹೇಗೆ ರೂಪುಗೊಳ್ಳುತ್ತದೆ, ಮಗುವಿನ ಮನಸ್ಸಿನ ಮೇಲೆ ಅದರ ಪರಿಣಾಮವೇನು, ಮನೆಮಾತು ಕನ್ನಡವಾಗಿರುವ ಮಗುವಿನ ವಿಷಯದಲ್ಲಿ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದುದೇನು ಎಂಬುದನ್ನು ವಿವರಿಸಲಾಗಿದೆ.

ಕುನ್ನತ್ತೂರು ಈಗ ತಿರುಪ್ಪೂರು ಜಿಲ್ಲೆಯಲ್ಲಿದೆ. ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳಿಂದ 2009ರಲ್ಲಿ ಈ ಜಿಲ್ಲೆ ರಚನೆಯಾಯಿತು. ಕೊಂಗುನಾಡಿನ ಈ ಪ್ರದೇಶದಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು ಇವರಲ್ಲಿ ಪ್ರಮುಖರು. ಇವರಲ್ಲಿ ಅನೇಕರಿಗೆ ಕನ್ನಡವು ಕಿವಿ ಮತ್ತು ನಾಲಗೆಯ ಭಾಷೆ; ಓದು ಬರಹಗಳೆಲ್ಲ ತಮಿಳಿನಲ್ಲಿ. ತಾಳವಾಡಿ ಬೆಟ್ಟಪ್ರದೇಶದಂತೆ ಅಥವಾ ಹೊಸೂರು ಭಾಗದಂತೆ ಇಲ್ಲಿ ಕನ್ನಡದ ಮಗುವಿನ ಸುತ್ತಲೂ ಕನ್ನಡದ ಮಕ್ಕಳಿರುವುದಿಲ್ಲ. ಒಂದು ತರಗತಿಯಲ್ಲಿ ಮೂವರೋ ನಾಲ್ವರೋ ಇರಬಹುದು. ಕೆಲವು ವೇಳೆ ಒಬ್ಬರೇ. ಇದರ ಜೊತೆಗೆ ತಿರುಪ್ಪೂರಿನ ಬನಿಯನ್ ಉದ್ಯಮವನ್ನು ನಂಬಿ ಬಂದ ಒಡಿಶಾ, ಬಿಹಾರ ಮುಂತಾದ ರಾಜ್ಯಗಳ ಕುಟುಂಬಗಳ ಮಕ್ಕಳೂ ಈಗ ಅದೇ ಚಾಪೆಯ ಮೇಲೆ ಕುಳಿತಿರುತ್ತಾರೆ.

ಅಂಗೀಕಾರ ಮತ್ತು ಸ್ನೇಹ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ವಾಡಿಕೆ. ಆದರೆ ಶಿಕ್ಷಕರು ಇವುಗಳನ್ನು ಬೇರ್ಪಡಿಸಿ ನೋಡಬೇಕು. ಇಡೀ ಗುಂಪು ಒಂದು ಮಗುವನ್ನು ಎಷ್ಟರ ಮಟ್ಟಿಗೆ ಇಷ್ಟಪಡುತ್ತದೆ ಎಂಬುದು ಅಂಗೀಕಾರ. ಇಬ್ಬರು ಮಕ್ಕಳು ಪರಸ್ಪರ ಆಯ್ದುಕೊಂಡು ಕಟ್ಟಿಕೊಳ್ಳುವ ಸಂಬಂಧವು ಸ್ನೇಹ. ಎಲ್ಲರಿಗೂ ಪ್ರಿಯನಾದ ಹುಡುಗನಿಗೆ ಮನಸ್ಸು ಬಿಚ್ಚಿ ಮಾತನಾಡಲು ಒಬ್ಬನೂ ಇಲ್ಲದಿರಬಹುದು. ಗುಂಪಿಗೆ ಅಷ್ಟಾಗಿ ಬೇಡವಾದ ಹುಡುಗಿಗೆ ಒಬ್ಬಳು ಆಪ್ತ ಗೆಳತಿ ಇದ್ದು ಅವಳು ನೆಮ್ಮದಿಯಿಂದಿರಬಹುದು. ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್ ಅವರು, ಹದಿಹರೆಯಕ್ಕೆ ಕಾಲಿಡುವ ಮುನ್ನ ದೊರೆಯುವ ಒಬ್ಬ ಆಪ್ತ ಗೆಳೆಯನು ಅದಕ್ಕೆ ಹಿಂದಿನ ಒಂಟಿತನದ ಹಾನಿಯನ್ನು ಸಹ ಸರಿಪಡಿಸಬಲ್ಲನೆಂದು ವಾದಿಸಿದ್ದರು. ಅವರ ಗ್ರಂಥವು 1953ರಲ್ಲಿ, ಅವರ ಮರಣಾನಂತರ ಪ್ರಕಟವಾಯಿತು. ಪೀಡನೆಗೆ ಒಳಗಾಗುವ ಮಕ್ಕಳಲ್ಲಿ ಒಬ್ಬ ಉತ್ತಮ ಸ್ನೇಹಿತನಿರುವವರು ಆ ಪೀಡನೆಯ ಸುಳಿಯಿಂದ ಹೆಚ್ಚು ಪಾರಾಗುತ್ತಾರೆಂದು ಕೆನಡಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನವೂ ತೋರಿಸಿತು. ಆದುದರಿಂದ ಒಂಟಿಯಾಗಿರುವ ಮಗುವನ್ನು ಇಡೀ ತರಗತಿಗೆ ಪ್ರಿಯವಾಗಿಸುವ ಅಸಾಧ್ಯ ಗುರಿಯನ್ನು ಶಿಕ್ಷಕರು ಹೊರಬೇಕಾಗಿಲ್ಲ. ಒಬ್ಬ ಸ್ನೇಹಿತ ಸಿಕ್ಕುವಂತೆ ಮಾಡಿದರೆ ಕೆಲಸದ ದೊಡ್ಡ ಭಾಗ ಮುಗಿದಂತೆಯೇ.

ಗುಂಪಿನಲ್ಲಿ ಮಕ್ಕಳ ಸ್ಥಾನವನ್ನು ಕೋಯಿ, ಡಾಜ್ ಮತ್ತು ಕೊಪೊಟೆಲ್ಲಿ ಎಂಬ ಸಂಶೋಧಕರು 1982ರಲ್ಲಿ ವಿಂಗಡಿಸಿದ ರೀತಿ ಇಂದಿಗೂ ಬಳಕೆಯಲ್ಲಿದೆ. ಬಹುಜನಪ್ರಿಯರು, ತಿರಸ್ಕೃತರು, ಅಲಕ್ಷಿತರು, ಕೆಲವರಿಗೆ ಬಹಳ ಬೇಕಾಗಿ ಕೆಲವರಿಗೆ ಬಹಳ ಬೇಡವಾದವರು, ಉಳಿದ ಸಾಮಾನ್ಯರು ಎಂಬುದು ಆ ವಿಂಗಡಣೆ. ಇವರಲ್ಲಿ ತಿರಸ್ಕೃತರಿಗೂ ಅಲಕ್ಷಿತರಿಗೂ ಇರುವ ಭೇದವನ್ನು ತಿಳಿಯುವುದು ಅತ್ಯಗತ್ಯ. ಅಲಕ್ಷಿತ ಮಗುವಿನ ಹೆಸರನ್ನು ಯಾರೂ ಪ್ರೀತಿಯಿಂದಲೂ ಹೇಳುವುದಿಲ್ಲ, ದ್ವೇಷದಿಂದಲೂ ಹೇಳುವುದಿಲ್ಲ. ಅದು ಮೌನಿ, ಆದರೆ ಶಾಲೆ ಅಥವಾ ಗುಂಪು ಬದಲಾದಾಗ ಅದರ ಸ್ಥಿತಿ ಬದಲಾಗುವ ಸಂಭವ ಹೆಚ್ಚು. ತಿರಸ್ಕೃತ ಮಗುವನ್ನು ಗುಂಪು ಬೇಕೆಂದೇ ಹೊರಗಿಡುತ್ತದೆ, ಮತ್ತು ಈ ಸ್ಥಾನವು ವರ್ಷದಿಂದ ವರ್ಷಕ್ಕೆ ಅಂಟಿಕೊಂಡು ಬರುತ್ತದೆ. ತಿರಸ್ಕೃತರಲ್ಲಿಯೂ ಹೊಡೆದಾಡುವವರು ಕೆಲವರು, ಹೆದರಿ ಹಿಂಜರಿಯುವವರು ಕೆಲವರು. ಹೊಡೆದಾಡುವ ಮಗು ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಹಿಂಜರಿಯುವ ಮಗು ‘ಶಿಸ್ತಿನ ವಿದ್ಯಾರ್ಥಿ’ ಎಂದು ಹೊಗಳಿಸಿಕೊಂಡು ಒಳಗೊಳಗೇ ಸವೆಯುತ್ತದೆ.

ಗುಂಪಿನಿಂದ ಹೊರಗಿಡಲ್ಪಟ್ಟ ನೋವನ್ನು ಮಕ್ಕಳ ಸಣ್ಣ ಜಗಳವೆಂದು ತಳ್ಳಿಹಾಕಲಾಗದು. ಮೂವರು ಚೆಂಡು ಎಸೆಯುವ ಕಂಪ್ಯೂಟರ್ ಆಟದಲ್ಲಿ ಒಬ್ಬರಿಗೆ ಚೆಂಡು ಕೊಡುವುದನ್ನು ನಿಲ್ಲಿಸಿದಾಗ, ದೇಹದ ನೋವಿನೊಡನೆ ಸಂಬಂಧವುಳ್ಳ ಮೆದುಳಿನ ಭಾಗವು ಚುರುಕಾಯಿತೆಂದು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ವರದಿಮಾಡಿತು. ಅದರಲ್ಲಿ ಭಾಗವಹಿಸಿದವರು ವಯಸ್ಕರು, ಆಟದಲ್ಲಿ ಏನೂ ಪಣವಿರಲಿಲ್ಲ. ಹತ್ತು ವರ್ಷದ ಮಗುವಿಗೆ ಅದೇ ಅನುಭವ ದಿನವೂ ಆದರೆ ಏನಾಗುವುದೆಂದು ಊಹಿಸಬಹುದು. ಸೋಮವಾರ ಬೆಳಗ್ಗೆ ಹೊಟ್ಟೆನೋವು, ಕಾರಣವಿಲ್ಲದ ತಲೆನೋವು, ಮಧ್ಯಾಹ್ನದ ಊಟವನ್ನು ಅರ್ಧಕ್ಕೆ ಬಿಡುವುದು, ವಿರಾಮದಲ್ಲಿ ಶಿಕ್ಷಕರ ಮೇಜಿನ ಬಳಿಯೇ ಸುತ್ತಾಡುವುದು, ಪುಸ್ತಕ ‘ಕಳೆದುಹೋಯಿತು’ ಎಂದು ಮತ್ತೆ ಮತ್ತೆ ಹೇಳುವುದು ಇವುಗಳನ್ನು ಒಟ್ಟಿಗೆ ಕಂಡಾಗ ಎಚ್ಚರಗೊಳ್ಳಬೇಕು. ಸಹಪಾಠಿಗಳ ಅಂಗೀಕಾರವಿಲ್ಲದ ಮಕ್ಕಳು ಶಾಲೆ ಬಿಡುವ ಸಂಭವ ಹೆಚ್ಚೆಂದು ಪಾರ್ಕರ್ ಮತ್ತು ಆಷರ್ ಅವರು 1987ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ ಹೇಳಿದ್ದಾರೆ. ನಮ್ಮ ಪ್ರದೇಶದಲ್ಲಿ ಇದರ ಅರ್ಥ ಬಹಳ ಸ್ಪಷ್ಟ. ಶಾಲೆ ಬೇಸರವಾದ ಹದಿಹರೆಯದವರನ್ನು ಕರೆದುಕೊಳ್ಳಲು ಬನಿಯನ್ ಕಂಪನಿಯ ಬಾಗಿಲು ದೂರವಿಲ್ಲ. ‘ಓದು ತಲೆಗೆ ಹತ್ತಲಿಲ್ಲ’ ಎಂದು ಮನೆಯವರು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಹತ್ತದೇ ಹೋದದ್ದು ಓದಲ್ಲ, ತರಗತಿ.

ಉಚ್ಚಾರಣೆಗೆ ಬೀಳುವ ನಗು

ಕನ್ನಡ ಮನೆಮಾತಿನ ಮಗುವನ್ನು ಮೊದಲು ಗುರುತು ಹಿಡಿಸುವುದು ಅದರ ನಾಲಗೆ. ತಮಿಳಿನ ‘ೞ’ ಧ್ವನಿಯನ್ನು ಅದು ‘ಳ’ ಎನ್ನಬಹುದು. ‘ಪಾಲ್’ ಎನ್ನಬೇಕಾದಲ್ಲಿ ‘ಹಾಲು’ ಎನ್ನಬಹುದು. ತರಗತಿ ನಗುತ್ತದೆ. ನಗುವವರಲ್ಲಿ ಕೆಟ್ಟತನವಿರಬೇಕೆಂದೇನೂ ಇಲ್ಲ, ಆದರೆ ನಗೆಪಾಟಲಾದ ಮಗು ಮುಂದಿನ ಸಲ ಬಾಯಿ ತೆರೆಯುವುದಿಲ್ಲ. ಮಾತನಾಡದ ಮಗುವನ್ನು ಆಟಕ್ಕೆ ಕರೆಯುವವರು ಕಡಿಮೆ. ಆಟದಿಂದ ಹೊರಗುಳಿದ ಮಗುವಿಗೆ ಆಡುಮಾತಿನ ತಮಿಳನ್ನು ಕಲಿಯುವ ಅವಕಾಶವೂ ಕಡಿಮೆ. ಹೀಗೆ ಒಂದು ಸಣ್ಣ ನಗುವಿನಿಂದ ಆರಂಭವಾದುದು ವರ್ಷದ ಕೊನೆಗೆ ‘ಈ ಮಗು ಮಂದ’ ಎಂಬ ಅಭಿಪ್ರಾಯವಾಗಿ ಶಿಕ್ಷಕರ ಟಿಪ್ಪಣಿಪುಸ್ತಕವನ್ನು ಸೇರುವುದುಂಟು.

ಇಂಥಲ್ಲಿ ‘ನಗಬೇಡಿ’ ಎಂದು ಗದರುವುದಕ್ಕಿಂತ ಆ ನಗುವನ್ನೇ ಪಾಠವಾಗಿ ತಿರುಗಿಸುವುದು ಮೇಲು. ಕರಿಹಲಗೆಯ ಮೇಲೆ ಎರಡು ಸಾಲು ಬರೆಯಿರಿ. ಒಂದು ಕಡೆ ತಮಿಳಿನ ಪಾಲ್, ಪೂ, ಪಲ್, ಪುಲಿ, ಪುಳಿ, ಪತ್ತು, ಪಾಂಬು. ಇನ್ನೊಂದು ಕಡೆ ಕನ್ನಡದ ಹಾಲು, ಹೂ, ಹಲ್ಲು, ಹುಲಿ, ಹುಳಿ, ಹತ್ತು, ಹಾವು. ನಿಯಮವನ್ನು ಮಕ್ಕಳೇ ಕಂಡುಹಿಡಿಯಲಿ. ಐದನೆಯ ತರಗತಿಯ ಮಕ್ಕಳಿಗೆ ಇದು ಗೂಢಲಿಪಿಯನ್ನು ಬಿಡಿಸಿದಷ್ಟು ಸಂತೋಷ ಕೊಡುತ್ತದೆ. ಹಳಗನ್ನಡದಲ್ಲಿಯೂ ಇವು ಪಾಲ್, ಪೂ, ಪುಲಿ, ಪತ್ತು ಎಂದೇ ಇದ್ದವೆಂದೂ, ‘ೞ’ ಧ್ವನಿಗೆ ಹಳಗನ್ನಡದಲ್ಲಿ ಪ್ರತ್ಯೇಕ ಅಕ್ಷರವೇ ಇತ್ತೆಂದೂ ತಿಳಿಸಿದಾಗ ಕನ್ನಡದ ಮಗು ತಪ್ಪು ಮಾಡಿದ ಮಗುವಾಗಿ ಉಳಿಯುವುದಿಲ್ಲ. ಎರಡು ಸಾಲುಗಳನ್ನೂ ಓದಬಲ್ಲ ಮಗುವಾಗುತ್ತದೆ. ತಮಿಳಿನಲ್ಲಿ ‘ಪಳ್ಳಿ’ ಎಂದರೆ ಶಾಲೆ, ಕನ್ನಡದಲ್ಲಿ ‘ಹಳ್ಳಿ’ ಎಂದರೆ ಗ್ರಾಮ ಎಂಬುದನ್ನು ಕೇಳಿ ಮಕ್ಕಳು ನಗುತ್ತಾರೆ. ಅದು ಒಟ್ಟಿಗೆ ನಗುವ ನಗು.

ಈ ಪಾಠದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದ ಮಗುವನ್ನು ಎದ್ದು ನಿಲ್ಲಿಸಿ ‘ನಿಮ್ಮ ಭಾಷೆಯಲ್ಲಿ ಹೇಳು’ ಎಂದು ಪ್ರದರ್ಶನಕ್ಕಿಡಬಾರದು. ಮಗು ತಾನಾಗಿ ಮುಂದೆ ಬಂದರೆ ಸರಿ. ಮನೆಯಲ್ಲಿ ಕನ್ನಡ ಬಿಟ್ಟು ತಮಿಳನ್ನೇ ಮಾತನಾಡಿಸಿರೆಂದು ಪೋಷಕರಿಗೆ ಸಲಹೆ ಕೊಡುವುದಂತೂ ಕೂಡದು. ಅಜ್ಜಿಯೊಡನೆ ಮಾತು ಕಡಿದುಹೋದ ಮಗುವಿಗೆ ಶಾಲೆಯ ಹೊರಗಿದ್ದ ಆಸರೆಯೂ ತಪ್ಪುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣದ ಸೌಲಭ್ಯವನ್ನು ಒದಗಿಸುವ ಬಗ್ಗೆ ಸಂವಿಧಾನದ 350ಎ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವು ಭಯ ಮತ್ತು ಆತಂಕದಿಂದ ಮುಕ್ತವಾದ ಕಲಿಕೆಯನ್ನು ಅಪೇಕ್ಷಿಸುತ್ತದೆ. ಕನ್ನಡ ಮಾಧ್ಯಮವಿಲ್ಲದ ಊರಿನಲ್ಲಿಯೂ ಎರಡನೆಯದನ್ನು ಪಾಲಿಸಲು ಅಡ್ಡಿಯೇನೂ ಇಲ್ಲ.

ಕಾವೇರಿ ನೀರಿನ ವಿಷಯ ಬಿಸಿಯೇರಿದಾಗ, 1991ರಲ್ಲಿ ಮತ್ತು 2016ರಲ್ಲಿ ಆದಂತೆ, ಎರಡೂ ರಾಜ್ಯಗಳಲ್ಲಿ ಅಲ್ಪಸಂಖ್ಯಾತ ಭಾಷೆಯ ಕುಟುಂಬಗಳು ಆತಂಕಕ್ಕೆ ಒಳಗಾಗುತ್ತವೆ. ದೊಡ್ಡವರು ದೂರದರ್ಶನದ ಮುಂದೆ ಆಡಿದ ಮಾತು ಮರುದಿನ ಆಟದ ಬಯಲಿಗೆ ಬರುತ್ತದೆ. ಅಂಥ ವಾರಗಳಲ್ಲಿ ಶಿಕ್ಷಕರು ಬೆಳಗಿನ ಪ್ರಾರ್ಥನಾಸಭೆಯಿಂದಲೇ ಕಿವಿ ತೆರೆದಿಟ್ಟುಕೊಳ್ಳಬೇಕು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕಾಗಿದೆ: ಒಮ್ಮೆ ನಗೆಪಾಟಲಾದ ಕನ್ನಡದ ಮಗುವೇ ಮರುವರ್ಷ ಒಡಿಯಾ ಅಥವಾ ಹಿಂದಿ ಮಾತನಾಡುವ ಹೊಸ ಮಗುವನ್ನು ಕಂಡು ಮೊದಲು ನಗುವುದುಂಟು. ಗುಂಪಿನ ಒಳಗೆ ತನ್ನ ಜಾಗವನ್ನು ಗಟ್ಟಿಮಾಡಿಕೊಳ್ಳಲು ಮಕ್ಕಳಿಗೆ ಅದು ಸುಲಭದ ದಾರಿ.

ತರಗತಿಯ ನಕ್ಷೆ

ಯಾರು ಯಾರೊಡನೆ ಇದ್ದಾರೆಂಬುದು ತಮಗೆ ಗೊತ್ತೆಂದು ಶಿಕ್ಷಕರು ನಂಬಿರುತ್ತಾರೆ. ಒಮ್ಮೆ ಕಾಗದದ ಮೇಲೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಜೇಕಬ್ ಮೊರೆನೊ ಅವರು 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಸಮಾಜಮಿತಿ ವಿಧಾನವು ಇದಕ್ಕೆ ಸಾಕು. ‘ಮುಂದಿನ ತಿಂಗಳ ಗುಂಪುಕೆಲಸಕ್ಕೆ ನಿನ್ನ ಜೊತೆ ಯಾರಿರಬೇಕು? ಮೂವರ ಹೆಸರು ಬರೆ’ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ಉತ್ತರವನ್ನು ಮಗು ತನಗೆ ಬರುವ ಯಾವ ಲಿಪಿಯಲ್ಲಾದರೂ ಬರೆಯಲಿ. ಚಿಕ್ಕವರು ಬಾಯಲ್ಲಿ ಹೇಳಲಿ. ‘ಯಾರು ಬೇಡ’ ಎಂಬ ಪ್ರಶ್ನೆಯನ್ನು ಸಂಶೋಧಕರು ಕೇಳುವುದುಂಟು, ಶಿಕ್ಷಕರು ಕೇಳತಕ್ಕದ್ದಲ್ಲ. ಅದು ಮಕ್ಕಳ ಬಾಯಿಗೆ ಇಲ್ಲದ ಮಾತನ್ನು ಹಾಕುತ್ತದೆ. ಬಂದ ಉತ್ತರಗಳಂತೆ ಪ್ರತಿ ಮಗುವಿಗೂ ಕೊನೆಯ ಪಕ್ಷ ಒಬ್ಬರನ್ನಾದರೂ ಜೊತೆಗೆ ಹಾಕಿ ನಿಜವಾಗಿಯೂ ಗುಂಪು ಮಾಡಬೇಕು. ಕೇಳಿ ಸುಮ್ಮನಾದರೆ ಮುಂದಿನ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ಒಂದು ಕಲ್ಪಿತ ತರಗತಿಯನ್ನು ತೆಗೆದುಕೊಳ್ಳೋಣ. 22 ಮಕ್ಕಳು, ಒಬ್ಬೊಬ್ಬರಿಗೆ 3 ಆಯ್ಕೆ, ಒಟ್ಟು 66 ಬಾಣಗಳು. ಸರಾಸರಿಯಾಗಿ ಒಂದು ಮಗುವಿನ ಕಡೆಗೆ 3 ಬಾಣಗಳು ಬರುತ್ತವೆ. ಈ ತರಗತಿಯಲ್ಲಿ ಕನ್ನಡ ಮನೆಮಾತಿನ ನಾಲ್ವರು ಹುಡುಗಿಯರಿದ್ದು, ನಾಲ್ವರೂ ತಮ್ಮತಮ್ಮಲ್ಲೇ ಆಯ್ದುಕೊಂಡಿದ್ದಾರೆ ಎನ್ನೋಣ. ಆಗ 12 ಬಾಣಗಳು ಆ ವೃತ್ತದೊಳಗೇ ತಿರುಗುತ್ತವೆ. ಪ್ರತಿಯೊಬ್ಬಳಿಗೂ 3 ಆಯ್ಕೆ ಬಂದಿರುತ್ತದೆ. ಎಣಿಕೆಯನ್ನು ಮಾತ್ರ ನೋಡಿದರೆ ನಾಲ್ವರೂ ಸಾಮಾನ್ಯ ಸ್ಥಿತಿಯಲ್ಲಿದ್ದಾರೆ. ಬಾಣಗಳ ದಿಕ್ಕನ್ನು ನೋಡಿದರೆ, ಹೊರಗಿನಿಂದ ಒಳಗೆ ಒಂದೂ ಬಂದಿಲ್ಲ, ಒಳಗಿನಿಂದ ಹೊರಗೆ ಒಂದೂ ಹೋಗಿಲ್ಲ. ಅದೊಂದು ದ್ವೀಪ. ಒಂದೇ ಮಾತಿನವರು ಒಟ್ಟಿಗಿರುವುದು ಕೆಟ್ಟದ್ದಲ್ಲ, ಅದನ್ನು ಬಲವಂತವಾಗಿ ಒಡೆಯುವ ಅಗತ್ಯವೂ ಇಲ್ಲ. ಆದರೆ ಕೂಲಿಗಾಗಿಯೋ ಮಗ್ಗದ ಕೆಲಸಕ್ಕಾಗಿಯೋ ಎರಡು ಕುಟುಂಬಗಳು ವರ್ಷದ ನಡುವೆ ಊರು ಬಿಟ್ಟರೆ ಉಳಿದ ಇಬ್ಬರ ಗತಿಯೇನು? ದ್ವೀಪಕ್ಕೆ ಒಂದು ಸೇತುವೆಯಾದರೂ ಇರಬೇಕು. ನಾಲ್ವರಲ್ಲಿ ಯಾರಿಗೆ ಹೊರಗಿನವರೊಡನೆ ಕೊಂಚ ಸಲಿಗೆ ಇದೆಯೋ ಅವಳನ್ನು ಹೊರಗಿನ ಒಬ್ಬ ಸೌಮ್ಯ ಸ್ವಭಾವದ ಮಗುವಿನೊಡನೆ ಒಂದು ಕೆಲಸದಲ್ಲಿ ಜೊತೆಗೂಡಿಸುವುದು ಆರಂಭಕ್ಕೆ ಸಾಕು. ಅದೇ ನಕ್ಷೆಯಲ್ಲಿ ಒಂದೂ ಬಾಣ ಬಾರದ ಇಬ್ಬರು ಮಕ್ಕಳೂ ಕಂಡಾರು. ಅವರು ಯಾರ ಹೆಸರನ್ನು ಬರೆದಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಆ ಮೂರು ಹೆಸರುಗಳೇ ಅವರು ಎಲ್ಲಿಗೆ ಸೇರಲು ಬಯಸುತ್ತಿದ್ದಾರೆಂಬುದರ ಸುಳಿವು.

ಆಟದೊಳಗೆ ಸೇರುವ ಬಗೆ

ನಡೆಯುತ್ತಿರುವ ಆಟಕ್ಕೆ ಹೊಸಬರು ಸೇರುವ ಕ್ಷಣವೇ ಅಂಗೀಕಾರದ ಕಠಿಣ ಪರೀಕ್ಷೆ. ಪುಟಲಾಜ್ ಮತ್ತು ಗಾಟ್‌ಮನ್ ಎಂಬವರು 1981ರಲ್ಲಿ ಇದನ್ನೇ ಸೂಕ್ಷ್ಮವಾಗಿ ಗಮನಿಸಿದರು. ಜನಪ್ರಿಯ ಮಕ್ಕಳು ಗುಂಪು ಮಾಡುತ್ತಿರುವುದಕ್ಕೆ ಹೊಂದುವಂತೆ ನಡೆದು ಒಳಸೇರುತ್ತಾರೆ. ಅಪ್ರಿಯ ಮಕ್ಕಳು ತಮ್ಮ ಕುರಿತೇ ಮಾತನಾಡುತ್ತಾರೆ, ಪ್ರಶ್ನೆ ಕೇಳಿ ಆಟವನ್ನು ತಡೆಯುತ್ತಾರೆ, ಭಿನ್ನಾಭಿಪ್ರಾಯ ಎತ್ತುತ್ತಾರೆ. ಇದು ಕಲಿಸಬಹುದಾದ ಕೌಶಲ. ಪಾಂಡಿ ಆಡುತ್ತಿರುವವರ ಬಳಿಗೆ ಹೋದ ಮಗು ‘ನನ್ನನ್ನೂ ಸೇರಿಸಿಕೊಳ್ಳಿ’ ಎಂದು ಗೋಗರೆಯುವ ಬದಲು, ಸ್ವಲ್ಪ ಹೊತ್ತು ನೋಡಿ, ದೂರ ಹೋದ ಬಿಲ್ಲೆಯನ್ನು ತಂದುಕೊಟ್ಟು, ಒಳ್ಳೆಯ ಕುಪ್ಪಳಿಕೆಯನ್ನು ಮೆಚ್ಚಿ, ಸರದಿಯ ಕೊನೆಯಲ್ಲಿ ನಿಲ್ಲಲಿ. ಪಾಂಡಿಯೇ ಕನ್ನಡದ ಕುಂಟಬಿಲ್ಲೆ, ಪಲ್ಲಾಂಗುಳಿಯೇ ಅಳಗುಳಿಮಣೆ. ಹೆಸರು ಬೇರೆಯಾದರೂ ಆಟ ತನಗೆ ಗೊತ್ತೆಂದು ಮಗುವಿಗೆ ಮನವರಿಕೆಯಾದರೆ ಹಿಂಜರಿಕೆ ಅರ್ಧ ಕಡಿಮೆಯಾಗುತ್ತದೆ.

ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆಯುವ ಪದ್ಧತಿಯನ್ನು ವ್ಯಾಯಾಮ ಅವಧಿಯಿಂದ ತೆಗೆದುಹಾಕಬೇಕೆಂಬುದು ಈ ಲೇಖಕರ ದೃಢ ಅಭಿಪ್ರಾಯ. ಕೊನೆಗೆ ಉಳಿಯುವ ಮಗು ಪ್ರತಿ ವಾರವೂ ಅದೇ ಆಗಿರುತ್ತದೆ. ನಮ್ಮ ಹಿರಿಯರಿಗೆ ಇದಕ್ಕಿಂತ ಜಾಣ ದಾರಿ ತಿಳಿದಿತ್ತು. ತಮಿಳುನಾಡಿನ ಹಳ್ಳಿಗಳಲ್ಲಿ ‘ಉತ್ತಿ ಪಿರಿಪ್ಪದು’ ಎಂಬ ಕ್ರಮವಿದೆ. ಸಮಬಲದ ಇಬ್ಬಿಬ್ಬರು ಜೋಡಿಯಾಗಿ ಪಕ್ಕಕ್ಕೆ ಸರಿದು ಗುಟ್ಟಾಗಿ ಹೆಸರಿಟ್ಟುಕೊಳ್ಳುತ್ತಾರೆ, ಒಬ್ಬ ಸೂರ್ಯ, ಒಬ್ಬ ಚಂದ್ರ. ಅನಂತರ ನಾಯಕರ ಮುಂದೆ ಬಂದು ಯಾವುದು ಬೇಕೆಂದು ಕೇಳುತ್ತಾರೆ. ನಾಯಕನು ಹೆಸರನ್ನು ಆರಿಸುತ್ತಾನೆ, ಮಗುವನ್ನಲ್ಲ. ತಂಡಗಳೂ ಸಮನಾಗುತ್ತವೆ, ಯಾರೂ ಕೊನೆಯವರಾಗುವುದಿಲ್ಲ. ಜೋಡಿ ಸಿಗದೆ ನಿಂತ ಮಗುವಿಗೆ ಜೋಡಿ ಹುಡುಕುವುದಷ್ಟೇ ಶಿಕ್ಷಕರ ಕೆಲಸ.

ತರಗತಿಯೊಳಗೆ ಇದೇ ತತ್ತ್ವದ ಪ್ರಯೋಗವನ್ನು ಎಲಿಯಟ್ ಆರನ್ಸನ್ ಅವರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಮಾಡಿದರು. ಬೇರೆ ಬೇರೆ ಜನಾಂಗಗಳ ಮಕ್ಕಳು ಮೊದಲ ಬಾರಿಗೆ ಒಂದೇ ಶಾಲೆಗೆ ಸೇರಿ ಘರ್ಷಣೆಯಾದಾಗ, ಅವರು ಪಾಠವನ್ನು ತುಂಡುಗಳಾಗಿ ಹಂಚಿ, ಒಬ್ಬೊಬ್ಬ ಮಗುವೂ ತನ್ನ ತುಂಡನ್ನು ಉಳಿದವರಿಗೆ ಕಲಿಸದೆ ಯಾರಿಗೂ ಪಾಠ ಪೂರ್ಣವಾಗದಂತೆ ಏರ್ಪಡಿಸಿದರು. ಬಟ್ಟೆ ತಯಾರಿಕೆಯ ಪಾಠವನ್ನು ಹೀಗೆ ಹಂಚಬಹುದು: ಹತ್ತಿಯಿಂದ ನೂಲು, ಮಗ್ಗದ ಹಾಸುಹೊಕ್ಕು, ಬಣ್ಣ ಹಾಕುವುದು, ಮಾರುಕಟ್ಟೆ. ನೇಕಾರರ ಮನೆಯ ಮಗುವಿಗೆ ಲಾಳಿಯ ಸದ್ದು ಗೊತ್ತು, ಬನಿಯನ್ ಕಂಪನಿಯ ಕೆಲಸಗಾರರ ಮಗುವಿಗೆ ಹೊಲಿಗೆ ಯಂತ್ರಗಳ ಸಾಲು ಗೊತ್ತು. ಆದರೂ ತುಂಡುಗಳನ್ನು ಚೀಟಿ ಎತ್ತಿ ಹಂಚಬೇಕು. ಮಗ್ಗದ ತುಂಡನ್ನು ಬೇಕೆಂದೇ ದೇವಾಂಗರ ಮಗುವಿಗೆ ಕೊಟ್ಟರೆ ಅದನ್ನು ಕುಲಕಸುಬಿನ ಪ್ರತಿನಿಧಿಯಾಗಿ ನಿಲ್ಲಿಸಿದಂತಾಗುತ್ತದೆ.

ಜಾತಿಯ ವಿಷಯವನ್ನು ಇಲ್ಲಿ ಬಿಟ್ಟು ಮುಂದೆ ಹೋಗುವಂತಿಲ್ಲ. ಪರಿಶಿಷ್ಟ ಜಾತಿಯ ಮಹಿಳೆಯೊಬ್ಬರು ಶಾಲೆಯಲ್ಲಿ ಅಡುಗೆ ಮಾಡಬಾರದೆಂದು ಕೆಲವರು ತಡೆದ ಪ್ರಕರಣ 2018ರಲ್ಲಿ ಇದೇ ಜಿಲ್ಲೆಯ ಅವಿನಾಶಿ ತಾಲ್ಲೂಕಿನಲ್ಲಿ ನಡೆಯಿತು. 2023ರಲ್ಲಿ ನಾಂಗುನೇರಿಯಲ್ಲಿ ಸಹಪಾಠಿಗಳೇ ಒಬ್ಬ ವಿದ್ಯಾರ್ಥಿಯ ಮೇಲೆ ಮಾಡಿದ ಹಲ್ಲೆಯ ನಂತರ ರಾಜ್ಯ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯು 2024ರ ಜೂನ್‌ನಲ್ಲಿ ವರದಿ ಸಲ್ಲಿಸಿತು. ವರ್ಣಮಾಲೆಯ ಕ್ರಮದಲ್ಲಿ ಮಕ್ಕಳನ್ನು ಕೂರಿಸುವುದು, ಜಾತಿಯನ್ನು ಸೂಚಿಸುವ ಬಣ್ಣದ ಕೈದಾರಗಳನ್ನು ನಿಷೇಧಿಸುವುದು, ಹಾಜರಿ ಪುಸ್ತಕದಲ್ಲಿ ಜಾತಿಯ ಕಲಂ ಇಲ್ಲದಿರುವುದು ಅದರ ಶಿಫಾರಸುಗಳಲ್ಲಿ ಸೇರಿವೆ. ತರಗತಿಯ ನಕ್ಷೆಯಲ್ಲಿ ಭಾಷೆಯ ದ್ವೀಪವೆಂದು ತೋರಿದ್ದು ವಾಸ್ತವದಲ್ಲಿ ಜಾತಿಯ ದ್ವೀಪವಾಗಿರಬಹುದು. ಆಗ ಪದಸಾಲುಗಳ ಪಾಠದಿಂದ ಅದು ಕರಗುವುದಿಲ್ಲ. ಊಟದ ಸಾಲು, ನೀರಿನ ಲೋಟ, ಕೂರುವ ಜಾಗ ಇವುಗಳಲ್ಲಿ ಶಿಕ್ಷಕರು ಯಾವ ರಿಯಾಯಿತಿಯನ್ನೂ ಕೊಡದೆ ನಿಲ್ಲಬೇಕಾಗುತ್ತದೆ. ಮುಖ್ಯಮಂತ್ರಿಗಳ ಉಪಾಹಾರ ಯೋಜನೆಯು 2023ರಿಂದ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಣೆಯಾದ ಮೇಲೆ ಮಕ್ಕಳು ದಿನಕ್ಕೆ ಎರಡು ಬಾರಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಯಾರ ಪಕ್ಕದಲ್ಲಿ ಯಾರು ಕುಳಿತರೆಂಬುದನ್ನು ಗಮನಿಸಲು ಇದಕ್ಕಿಂತ ಉತ್ತಮ ಸಮಯವಿಲ್ಲ.

ಶಿಕ್ಷಕರು ತಾವೇ ಎಲ್ಲರ ಮುಂದೆ ಪದೇಪದೇ ಬಯ್ಯುವ ಮಗುವನ್ನು ಸಹಪಾಠಿಗಳೂ ಇಷ್ಟಪಡುವುದಿಲ್ಲ. ಮಕ್ಕಳು ನಮ್ಮ ಮುಖವನ್ನು ಓದುತ್ತಾರೆ. ಹೊರಗುಳಿದ ಮಗುವಿಗೆ ಕಪ್ಪುಹಲಗೆ ಒರೆಸುವ, ನಕ್ಷೆ ತರುವ, ಗಿಡಗಳಿಗೆ ನೀರೆರೆಯುವ ಜವಾಬ್ದಾರಿಯನ್ನು ಮತ್ತೊಂದು ಮಗುವಿನೊಡನೆ ಜಂಟಿಯಾಗಿ ಕೊಟ್ಟರೆ ಅದರ ಸ್ಥಾನ ನಿಧಾನವಾಗಿ ಏರುತ್ತದೆ. ‘ಇವನನ್ನು ಆಟಕ್ಕೆ ಸೇರಿಸಿಕೊಳ್ಳಿ’ ಎಂದು ಎಲ್ಲರೆದುರು ಆಜ್ಞಾಪಿಸಿದರೆ ಆ ಹೊತ್ತಿಗೆ ಸೇರಿಸಿಕೊಂಡು ಶಿಕ್ಷಕರು ಅತ್ತ ತಿರುಗಿದೊಡನೆ ಬಿಟ್ಟುಬಿಡುತ್ತಾರೆ.

ಈ ಪ್ರಯತ್ನಗಳ ನಂತರವೂ ಮಗು ಊಟ ನಿದ್ರೆ ಬಿಟ್ಟಿದ್ದರೆ, ಮೈಮೇಲೆ ಗಾಯಗಳು ಕಂಡರೆ, ‘ನಾನು ಇರಬಾರದಿತ್ತು’ ಎಂಬಂಥ ಮಾತನ್ನಾಡಿದರೆ, ಅಂದೇ ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ತಿಳಿಸಬೇಕು. ಶಾಲಾ ಶಿಕ್ಷಣ ಇಲಾಖೆಯ ಸಹಾಯವಾಣಿ 14417, ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಪೋಷಕರೊಡನೆ ಮಾತನಾಡುವಾಗ ಮನೆಮಾತು ಬಲ್ಲ ಶಿಕ್ಷಕರಿದ್ದರೆ ಅವರೇ ಮಾತನಾಡುವುದು ಒಳಿತು. ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬಾರದು.

ಸಮಾಜಮಿತಿಯ ನಕ್ಷೆಯನ್ನು ಮೂರು ತಿಂಗಳ ನಂತರ ಮತ್ತೊಮ್ಮೆ ಬರೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿರಿ. ಹೊಸ ಬಾಣ ಒಂದೇ ಬಂದಿದ್ದರೂ ಅದು ಯಾವ ಮಗುವಿನಿಂದ ಯಾವ ಮಗುವಿಗೆ ಬಂದಿದೆ ಎಂಬುದನ್ನು ಗುರುತಿಸಿಕೊಳ್ಳಿರಿ. ಎರಡೂ ಹಾಳೆಗಳು ಶಿಕ್ಷಕರ ಬಳಿ ಮಾತ್ರ ಇರಬೇಕು. ವರ್ಷಾಂತ್ಯದಲ್ಲಿ ಅವುಗಳನ್ನು ಮಗುವಿನ ದಾಖಲೆಗಳೊಡನೆ ಮುಂದಿನ ತರಗತಿಗೆ ಕಳುಹಿಸದೆ ಹರಿದುಹಾಕಬೇಕು.